ಕಣ್ಣೆದುರೇ ಫ್ರಾನ್ಸ್, ಆದರೆ ಕೆಲಸಕ್ಕೆ ಹಕ್ಕಿಲ್ಲ: ಚಾನೆಲ್ ದ್ವೀಪದವರ ಪಾಸ್‌ಪೋರ್ಟ್ ಲೆಕ್ಕ

ಜರ್ಸಿ ದ್ವೀಪದ ಪೂರ್ವ ದಡದಲ್ಲಿ ನಿಂತರೆ, ಮೋಡವಿಲ್ಲದ ದಿನ ಫ್ರಾನ್ಸ್ ಬರಿಗಣ್ಣಿಗೇ ಕಾಣುತ್ತದೆ. ನಡುವೆ ಇರುವುದು ಸುಮಾರು 22 ಕಿ.ಮೀ. ಸಮುದ್ರ ಅಷ್ಟೆ. ಇಂಗ್ಲೆಂಡಿನ ದಡ ಇದರ ಆರು ಪಟ್ಟಿಗೂ ಹೆಚ್ಚು ದೂರ. ಹೀಗಿದ್ದೂ ಜರ್ಸಿಯಲ್ಲಿ ಹುಟ್ಟಿ ಬೆಳೆದ ಹುಡುಗ ಲಂಡನ್ನಿಗೆ ಹೋಗಿ ನಾಳೆಯೇ ಕೆಲಸಕ್ಕೆ ಸೇರಬಹುದು. ಎದುರಿಗೇ ಕಾಣುವ ಫ್ರಾನ್ಸಿನ ನಾರ್ಮಂಡಿಯಲ್ಲಿ ಮಾತ್ರ ವೀಸಾ, ಪರ್ಮಿಟ್ ಇಲ್ಲದೆ ಹೋಟೆಲ್‌ನಲ್ಲಿ ತಟ್ಟೆ ತೊಳೆಯುವ ಕೆಲಸಕ್ಕೂ ಸೇರುವಂತಿಲ್ಲ. ಇದೆಲ್ಲ ಬ್ರೆಕ್ಸಿಟ್ ಮಾಡಿದ ಕೆಲಸ ಅಂತ ಅನ್ನಿಸಬಹುದು. ಅಲ್ಲ. ಬ್ರಿಟನ್ ಯುರೋಪಿಯನ್ ಒಕ್ಕೂಟದ ಒಳಗೇ ಇದ್ದ 47 ವರ್ಷವೂ ಜರ್ಸಿಯ ಹಳೇ ಮನೆತನದ ಹುಡುಗನಿಗೆ ಈ ಹಕ್ಕು ಇರಲಿಲ್ಲ.

ಜರ್ಸಿ, ಗರ್ನ್ಸಿ, ಐಲ್ ಆಫ್ ಮ್ಯಾನ್. ಮೊದಲ ಎರಡು ನಾರ್ಮಂಡಿಯ ಪಕ್ಕದ ಚಾನೆಲ್ ದ್ವೀಪಗಳು, ಮೂರನೆಯದು ಇಂಗ್ಲೆಂಡ್ ಮತ್ತು ಐರ್ಲೆಂಡಿನ ನಡುವಿನ ಸಮುದ್ರದಲ್ಲಿದೆ. ಮೂರೂ ಬ್ರಿಟಿಷ್ ರಾಜನಿಗೆ ಸೇರಿದ್ದು, ಆದರೆ ಯುನೈಟೆಡ್ ಕಿಂಗ್‌ಡಮ್‌ನ ಭಾಗ ಅಲ್ಲ. ಇವಕ್ಕೆ ಕ್ರೌನ್ ಡಿಪೆಂಡೆನ್ಸಿ ಅಂತ ಹೆಸರು. ಸ್ವಂತ ಶಾಸನಸಭೆ, ಸ್ವಂತ ಕೋರ್ಟು, ಸ್ವಂತ ತೆರಿಗೆ. ರಕ್ಷಣೆ ಮತ್ತು ವಿದೇಶ ವ್ಯವಹಾರವನ್ನು ಲಂಡನ್ ನೋಡಿಕೊಳ್ಳುತ್ತದೆ. ಆದರೆ ಲಂಡನ್ನಿನ ಪಾರ್ಲಿಮೆಂಟಿಗೆ ಇಲ್ಲಿಂದ ಒಬ್ಬ ಸಂಸದನೂ ಆರಿಸಿ ಹೋಗುವುದಿಲ್ಲ. 1204ರಲ್ಲಿ ಇಂಗ್ಲೆಂಡಿನ ಕಿಂಗ್ ಜಾನ್ ನಾರ್ಮಂಡಿಯನ್ನು ಫ್ರಾನ್ಸ್ ರಾಜನಿಗೆ ಕಳೆದುಕೊಂಡಾಗ ಚಾನೆಲ್ ದ್ವೀಪಗಳು ಮಾತ್ರ ಅವನ ಕೈಯಲ್ಲಿ ಉಳಿದವು. ಆ ನಿಷ್ಠೆಗೆ ಸಿಕ್ಕ ಸವಲತ್ತುಗಳನ್ನು ದ್ವೀಪದವರು 800 ವರ್ಷದಿಂದ ಜೋಪಾನವಾಗಿ ಇಟ್ಟುಕೊಂಡು ಬಂದಿದ್ದಾರೆ. 2021ರ ಜನಗಣತಿಯಲ್ಲಿ ಜರ್ಸಿಯಲ್ಲಿ 1,03,267 ಜನ, ಮ್ಯಾನ್‌ನಲ್ಲಿ 84,069 ಜನ. ಗರ್ನ್ಸಿಯಲ್ಲಿ ಅರವತ್ತು ಸಾವಿರದ ಮೇಲೆ ಚಿಲ್ಲರೆ. ಮೂರೂ ಸೇರಿದರೆ ನಮ್ಮಲ್ಲಿ ಒಂದು ದೊಡ್ಡ ತಾಲ್ಲೂಕು.

1973ರ ಜನವರಿ 1ರಂದು ಬ್ರಿಟನ್ ಆಗಿನ ಯುರೋಪಿಯನ್ ಸಮುದಾಯಕ್ಕೆ ಸೇರಿತು. ಸೇರುವ ಮಾತುಕತೆ ನಡೆಯುವಾಗ ದ್ವೀಪಗಳಿಗೆ ಪೀಕಲಾಟ ಶುರುವಾಯಿತು. ಹೊರಗೇ ಉಳಿದರೆ ಆಲೂಗೆಡ್ಡೆ, ಟೊಮೆಟೊ ಮಾರಲು ಬ್ರಿಟನ್ನಿನಲ್ಲೇ ಸುಂಕದ ಗೋಡೆ ಎದುರಾಗುತ್ತದೆ. ಒಳಗೆ ಹೋದರೆ ತೆರಿಗೆಯ ಸ್ವಾತಂತ್ರ್ಯ ಹೋಗುತ್ತದೆ, ಅಂಗೈಯಗಲದ ನೆಲಕ್ಕೆ ಇಡೀ ಯುರೋಪಿನ ಜನ ಬಂದು ನೆಲೆಸುವ ಹಕ್ಕು ಪಡೆಯುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೊನೆಗೆ ಬ್ರಿಟನ್ನಿನ ಸೇರ್ಪಡೆ ಒಪ್ಪಂದಕ್ಕೆ ಒಂದು ಸಣ್ಣ ಅನುಬಂಧ ಅಂಟಿಕೊಂಡಿತು. ಅದರ ಹೆಸರು ಪ್ರೋಟೋಕಾಲ್ 3. ಒಟ್ಟು ಆರು ಕಲಮು, ಎರಡು ಪುಟಕ್ಕೆ ಮುಗಿಯುತ್ತದೆ.

ಅದರಲ್ಲಿ ಇದ್ದದ್ದು ಇಷ್ಟು. ಸರಕಿನ ಮಟ್ಟಿಗೆ ದ್ವೀಪಗಳು ಯುರೋಪಿನ ಸುಂಕದ ಬೇಲಿಯ ಒಳಗೆ. ಜನರ ಓಡಾಟ, ಸೇವೆ, ಬಂಡವಾಳ, ತೆರಿಗೆಯ ಮಟ್ಟಿಗೆ ಹೊರಗೆ. ದ್ವೀಪದವರಿಗೆ ಬ್ರಿಟನ್ನಿನಲ್ಲಿ ಮೊದಲಿದ್ದ ಹಕ್ಕುಗಳು ಹಾಗೇ ಇರುತ್ತವೆ. ಆದರೆ ಯುರೋಪಿನೊಳಗೆ ಎಲ್ಲಿ ಬೇಕಾದರೂ ದುಡಿಯುವ, ನೆಲೆಸುವ ಅವಕಾಶ ಅವರಿಗಿಲ್ಲ. ಇನ್ನೊಂದು ಕಲಮಿನ ಪ್ರಕಾರ, ದ್ವೀಪದ ಆಡಳಿತ ಯುರೋಪಿನ ಎಲ್ಲ ದೇಶದವರನ್ನೂ ಸಮನಾಗಿ ನೋಡಬೇಕು. ಮ್ಯಾಂಚೆಸ್ಟರಿನವನಿಗೆ ಒಂದು ನಿಯಮ, ಪೋರ್ಚುಗಲ್‌ನವನಿಗೆ ಇನ್ನೊಂದು ಅನ್ನುವಂತಿಲ್ಲ.

ಇದನ್ನು ಯುರೋಪ್ ದ್ವೀಪದವರಿಗೆ ಮಾಡಿದ ಅನ್ಯಾಯ ಅಂತ ಹೇಳುವವರು ಅಲ್ಲಿ ಬಹಳ ಜನ ಇದ್ದರು. ನನಗೆ ಹಾಗನ್ನಿಸುವುದಿಲ್ಲ. ತಮ್ಮ ಮನೆ ಬಾಗಿಲನ್ನು ತೆರೆದಿಡಲು ದ್ವೀಪಗಳು ತಯಾರಿರಲಿಲ್ಲ. ಹಾಗಿದ್ದ ಮೇಲೆ ಪಕ್ಕದ ಮನೆಯವರು ಯಾಕೆ ತೆರೆಯಬೇಕು? ಕಳೆದುಕೊಂಡ ಹಕ್ಕು, ಉಳಿಸಿಕೊಂಡ ಹತೋಟಿಗೆ ಕೊಟ್ಟ ಬೆಲೆ. ಬೆಲೆ ಕೊಟ್ಟವರು ಯಾರು, ಲಾಭ ಪಡೆದವರು ಯಾರು ಅಂತ ಕೇಳಿದರೆ ಮಾತ್ರ ವಿಷಯ ಸ್ವಲ್ಪ ಕಹಿಯಾಗುತ್ತದೆ.

ಪ್ರೋಟೋಕಾಲ್‌ನ ಆರನೇ ಕಲಮು ‘ಚಾನೆಲ್ ದ್ವೀಪದವ’ ಅಂದರೆ ಯಾರು ಅಂತ ಹೇಳುತ್ತದೆ. ತಾನಾಗಲಿ, ತಂದೆ ತಾಯಿಯಾಗಲಿ, ಅಜ್ಜ ಅಜ್ಜಿಯಾಗಲಿ ದ್ವೀಪದಲ್ಲಿ ಹುಟ್ಟಿದ, ದತ್ತು ಹೋದ ಅಥವಾ ಅಲ್ಲಿ ಪೌರತ್ವ ಪಡೆದ ಕಾರಣಕ್ಕೆ ಬ್ರಿಟಿಷ್ ಪ್ರಜೆಯಾದವನು. ಆಮೇಲೆ ಬರುತ್ತದೆ ವಿನಾಯಿತಿ. ಅವನೋ, ತಂದೆ ತಾಯಿಯಲ್ಲಿ ಒಬ್ಬರೋ, ಅಜ್ಜ ಅಜ್ಜಿಯರಲ್ಲಿ ಒಬ್ಬರೋ ಬ್ರಿಟನ್ನಿನಲ್ಲಿ ಹುಟ್ಟಿದ್ದರೆ ಅವನು ಈ ಲೆಕ್ಕದಲ್ಲಿ ದ್ವೀಪದವನಲ್ಲ. ಯಾವಾಗಲಾದರೂ ಐದು ವರ್ಷ ಬ್ರಿಟನ್ನಿನಲ್ಲಿ ವಾಸವಿದ್ದರೂ ಅಲ್ಲ. ಅಂದರೆ ಒಬ್ಬ ಇಂಗ್ಲಿಷ್ ಅಜ್ಜಿ ಇದ್ದರೆ ಸಾಕು, 2020ರವರೆಗೆ ಇಡೀ ಯುರೋಪ್ ನಿಮ್ಮದು. ನಾಲ್ಕೂ ಅಜ್ಜ ಅಜ್ಜಿಯರು ಜರ್ಸಿಯಲ್ಲೇ ಹುಟ್ಟಿದವರಾದರೆ ಪಾಸ್‌ಪೋರ್ಟಿನ ಒಳಪುಟದಲ್ಲಿ ಒಂದು ಷರಾ ಬೀಳುತ್ತಿತ್ತು: ಉದ್ಯೋಗ ಮತ್ತು ನೆಲೆಸುವಿಕೆಗೆ ಸಂಬಂಧಿಸಿದ ಯುರೋಪಿನ ನಿಯಮಗಳ ಲಾಭ ಪಡೆಯಲು ಈ ಪಾಸ್‌ಪೋರ್ಟ್ ಹೊಂದಿದವರಿಗೆ ಹಕ್ಕಿಲ್ಲ. ಮೇಲಿನ ರಟ್ಟಿನ ಮೇಲೆ ‘ಬೇಲಿವಿಕ್ (ಆಡಳಿತ ಪ್ರದೇಶ) ಆಫ್ ಜರ್ಸಿ’, ಒಳಗೆ ಈ ಒಂದು ಸಾಲು. ಪ್ಯಾರಿಸ್ಸಿನಲ್ಲಿ ಕೆಲಸ ಕೊಡಲು ಹೊರಟವರು ಆ ಪುಟ ನೋಡಿದರೆ ಅಲ್ಲಿಗೆ ಮಾತು ಮುಗಿಯಿತು.

ಇದರ ವಿಚಿತ್ರ ಎಷ್ಟು ದೂರ ಹೋಗುತ್ತದೆ ನೋಡಿ. ತೊಡಕಿನ ಹೆರಿಗೆ ಅಂತ ತಾಯಿಯನ್ನು ಇಂಗ್ಲೆಂಡಿನ ಆಸ್ಪತ್ರೆಗೆ ಕರೆದೊಯ್ದು ಮಗು ಅಲ್ಲಿ ಹುಟ್ಟಿದರೆ, ಆ ಮಗುವಿಗೆ ಷರಾ ಇಲ್ಲ. ಎರಡು ವರ್ಷದ ಹಿಂದೆ ಜರ್ಸಿಯಲ್ಲೇ ಹುಟ್ಟಿದ ಅಣ್ಣನಿಗೆ ಇದೆ. ಒಂದೇ ಮನೆ, ಒಂದೇ ರಕ್ತ, ಎರಡು ನಕ್ಷೆ. ಇನ್ನೊಂದು ಕಡೆ 1981ರ ಬ್ರಿಟಿಷ್ ರಾಷ್ಟ್ರೀಯತೆ ಕಾಯ್ದೆ ದ್ವೀಪಗಳನ್ನೂ ಯುನೈಟೆಡ್ ಕಿಂಗ್‌ಡಮ್ ಅಂತಲೇ ಎಣಿಸಿ ಪೌರತ್ವ ಕೊಡುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ಯುರೋಪಿಯನ್ ಒಕ್ಕೂಟವನ್ನು ಹುಟ್ಟುಹಾಕಿದ ಮಾಸ್ಟ್ರಿಕ್ಟ್ ಒಪ್ಪಂದದ ನಂತರ, 1993ರಿಂದ, ಸದಸ್ಯ ದೇಶದ ಪ್ರಜೆಗಳೆಲ್ಲ ಯುರೋಪಿಯನ್ ಪ್ರಜೆಗಳೂ ಆದರು. ಹಾಗಾಗಿ ದ್ವೀಪದವರೂ ಕಾಗದದ ಮೇಲೆ ಯುರೋಪಿಯನ್ ಪ್ರಜೆಗಳು. ಓಡಾಟದ ಹಕ್ಕಿಲ್ಲ, ಯುರೋಪಿಯನ್ ಪಾರ್ಲಿಮೆಂಟಿಗೆ ಮತ ಇಲ್ಲ, ಪ್ರಜೆಗಳು ಮಾತ್ರ ಹೌದು.

ಹೀಗೇ ಇರಲೇಬೇಕಿತ್ತು ಅಂತೇನೂ ಇಲ್ಲ. ಅದೇ 1973ರಲ್ಲಿ ಡೆನ್ಮಾರ್ಕ್ ಕೂಡ ಯುರೋಪಿಗೆ ಸೇರಿತು. ಅದರ ಕೈಕೆಳಗಿನ ಫಾರೋ ದ್ವೀಪಗಳು ಮೀನಿನ ಚಿಂತೆಯಿಂದ ಹೊರಗೆ ಉಳಿದವು. ಆದರೆ ಅಲ್ಲಿ ಗೆರೆ ಎಳೆದದ್ದು ವಾಸದ ಮೇಲೆ. ಫಾರೋದಲ್ಲಿ ವಾಸ ಇರುವವರೆಗೆ ಯುರೋಪಿನ ಹಕ್ಕಿಲ್ಲ. ಕೋಪನ್‌ಹೇಗನ್‌ಗೆ ಮನೆ ಬದಲಾಯಿಸಿದರೆ ಅವರೂ ಬೇರೆ ಡೇನರ ಹಾಗೆಯೇ. ಗ್ರೀನ್‌ಲ್ಯಾಂಡ್ 1985ರಲ್ಲಿ ಒಕ್ಕೂಟದಿಂದಲೇ ಹೊರಬಂತು, ಆದರೂ ಅಲ್ಲಿನವರು ಡ್ಯಾನಿಶ್ ಪ್ರಜೆಗಳಾಗಿ ಯುರೋಪಿಯನ್ ಪೌರತ್ವ ಉಳಿಸಿಕೊಂಡರು. ಡೆನ್ಮಾರ್ಕ್ ನೋಡಿದ್ದು ಈಗ ಎಲ್ಲಿ ಇದ್ದೀಯ ಅಂತ. ಬ್ರಿಟನ್ ಒಪ್ಪಿಕೊಂಡದ್ದು ನಿನ್ನ ಅಜ್ಜಿ ಎಲ್ಲಿ ಹುಟ್ಟಿದಳು ಅನ್ನುವ ಲೆಕ್ಕವನ್ನು. ಬ್ರಿಟನ್ನಿನಲ್ಲಿ ಐದು ವರ್ಷ ಇದ್ದರೆ ಷರಾ ಹೋಗುತ್ತಿತ್ತು ಅನ್ನುವುದು ನಿಜ. ಓದಿಗೆ ಅಂತ ಇಂಗ್ಲೆಂಡಿಗೆ ಹೋಗಿ, ಅಲ್ಲೇ ಕೆಲಸ ಹಿಡಿದವರಿಗೆ ಅದು ಆಗಿಬರುತ್ತಿತ್ತು. ಊರಲ್ಲೇ ಉಳಿದು ಗಾರೆ ಕೆಲಸ, ಮೀನುಗಾರಿಕೆ ಮಾಡಿದವನಿಗೆ ಎಲ್ಲಿಂದ ಬರಬೇಕು?

ಈಗ ದ್ವೀಪದ ಒಳಗಿನ ಬಾಗಿಲಿಗೆ ಬರೋಣ. ನಿಜವಾದ ಆಟ ಇರುವುದು ಇಲ್ಲೇ.

ಜರ್ಸಿಯ ವಿಸ್ತೀರ್ಣ ಸುಮಾರು 120 ಚದರ ಕಿ.ಮೀ. ಜರ್ಮನ್ ಸೈನ್ಯದ ವಶದಿಂದ 1945ರ ಮೇ 9ರಂದು ಬಿಡುಗಡೆಯಾಯಿತು. ನಾಲ್ಕೇ ವರ್ಷದಲ್ಲಿ, 1949ರಲ್ಲಿ, ಯಾರು ಮನೆ ಕೊಳ್ಳಬಹುದು, ಯಾರು ಬಾಡಿಗೆಗೆ ಹಿಡಿಯಬಹುದು ಅಂತ ಕಾನೂನು ಬಂತು. ಅದೇ ಬೇರಿನ ಚಿಗುರು ಈಗಿನ ‘ಕಂಟ್ರೋಲ್ ಆಫ್ ಹೌಸಿಂಗ್ ಅಂಡ್ ವರ್ಕ್’ ಕಾನೂನು, 2013ರ ಜುಲೈಯಿಂದ ಜಾರಿಯಲ್ಲಿದೆ. ಇದರ ಪ್ರಕಾರ ದ್ವೀಪದಲ್ಲಿರುವ ಪ್ರತಿಯೊಬ್ಬರಿಗೂ ಒಂದು ದರ್ಜೆ. ಹೊಸದಾಗಿ ಬಂದವರು ‘ರಿಜಿಸ್ಟರ್ಡ್’. ಇಂಥವರನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಮಾಲೀಕ ಸರ್ಕಾರದಿಂದ ಅನುಮತಿ ಪಡೆಯಬೇಕು. ಐದು ವರ್ಷ ಬಿಡದೆ ಇದ್ದರೆ ‘ಎಂಟೈಟಲ್ಡ್ ಟು ವರ್ಕ್’. ಹತ್ತು ವರ್ಷವಾದ ಮೇಲೆ ‘ಎಂಟೈಟಲ್ಡ್’, ಆಗ ಮನೆ ಕೊಳ್ಳಬಹುದು. ಬೇಕೇ ಬೇಕಾದ ಕೆಲಸದವರಿಗೆ, ಅಂದರೆ ಡಾಕ್ಟರು, ದೊಡ್ಡ ಬ್ಯಾಂಕರು ಇಂಥವರಿಗೆ ‘ಲೈಸೆನ್ಸ್ಡ್’ ಅಂತ ಬೇರೆ ದಾರಿ ಇದೆ.

ಮನೆ ಮಾರಾಟದ ಜಾಹೀರಾತು ನೋಡಿದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಎಷ್ಟು ಬೆಡ್‌ರೂಮ್, ಸಮುದ್ರ ಕಾಣುತ್ತಾ, ಪಾರ್ಕಿಂಗ್ ಇದೆಯಾ ಅನ್ನುವುದರ ಜೊತೆಗೆ ಮನೆಯ ದರ್ಜೆಯನ್ನೂ ಬರೆದಿರುತ್ತಾರೆ: ‘ಕ್ವಾಲಿಫೈಡ್’ ಅಥವಾ ‘ರಿಜಿಸ್ಟರ್ಡ್’. ಜನರಿಗೆ ಇರುವ ಹಾಗೆ ಮನೆಗೂ ದರ್ಜೆ. ಹೊಸಬರ ಪಾಲಿಗೆ ಉಳಿಯುವುದು ಲಾಡ್ಜಿಂಗ್ ಮನೆಯ ರೂಮು, ಮಾಲೀಕ ಕೊಡುವ ಕ್ವಾರ್ಟರ್ಸು, ಇಂಥವು. ಗರ್ನ್ಸಿಯಲ್ಲಿ ಮನೆಗಳನ್ನೇ ಎರಡು ಮಾಡಿಟ್ಟಿದ್ದಾರೆ. ‘ಲೋಕಲ್ ಮಾರ್ಕೆಟ್’ ಊರಿನವರಿಗೆ, ‘ಓಪನ್ ಮಾರ್ಕೆಟ್’ ದುಡ್ಡಿರುವ ಹೊರಗಿನವರಿಗೆ. ಐಲ್ ಆಫ್ ಮ್ಯಾನ್‌ನಲ್ಲಿ ಮನೆಗೆ ಇಂಥ ಕಟ್ಟುಪಾಡಿಲ್ಲ, ಕೆಲಸಕ್ಕೆ ಮಾತ್ರ ಪರ್ಮಿಟ್ ಬೇಕು.

ಗಮನಿಸಬೇಕಾದ್ದು ಏನೆಂದರೆ, ಲಂಡನ್ನಿನಿಂದ ಬಂದ ಬ್ರಿಟಿಷ್ ಪ್ರಜೆಗೂ ಇದೇ ನಿಯಮ. ಪಾಸ್‌ಪೋರ್ಟ್ ಒಂದೇ ಆದರೂ ಹತ್ತು ವರ್ಷ ಕಾಯಬೇಕು. ಯುರೋಪಿನವರನ್ನು ಸಮನಾಗಿ ನೋಡಬೇಕು ಅನ್ನುವ ಕಲಮನ್ನು ದ್ವೀಪಗಳು ಪಾಲಿಸಿದ್ದು ಹೀಗೆ. ಮ್ಯಾಂಚೆಸ್ಟರಿನವನೂ ಪೋರ್ಚುಗಲ್‌ನವನೂ ಸಮ, ಇಬ್ಬರೂ ಹೊರಗಿನವರು. 1998ರಲ್ಲಿ ಪೋರ್ಚುಗೀಸ್ ಪ್ರಜೆಯೊಬ್ಬನನ್ನು ಜರ್ಸಿಯಿಂದ ಗಡೀಪಾರು ಮಾಡುವ ಪ್ರಶ್ನೆ ಲಕ್ಸೆಂಬರ್ಗಿನ ಯುರೋಪಿಯನ್ ನ್ಯಾಯಾಲಯದವರೆಗೂ ಹೋಯಿತು. ತನ್ನದೇ ಪ್ರಜೆಯನ್ನು ಯಾವ ದೇಶವೂ ಗಡೀಪಾರು ಮಾಡುವಂತಿಲ್ಲ, ಆದ್ದರಿಂದ ಆ ಮಟ್ಟಿಗೆ ಬ್ರಿಟಿಷರು, ಪೋರ್ಚುಗೀಸರ ನಡುವೆ ವ್ಯತ್ಯಾಸ ಇರಬಹುದು ಅಂದಿತು ಕೋರ್ಟು. ಆದರೆ ಬ್ರಿಟಿಷರು ಮಾಡಿದಾಗ ಸುಮ್ಮನಿದ್ದು, ಅದನ್ನೇ ಪೋರ್ಚುಗೀಸರು ಮಾಡಿದರು ಅಂತ ಓಡಿಸುವ ಹಾಗಿಲ್ಲ ಅಂತಲೂ ಹೇಳಿತು.

ಜರ್ಸಿಯ ವಿಷಯದಲ್ಲಿ ಪೋರ್ಚುಗೀಸರ ಹೆಸರು ಮತ್ತೆ ಮತ್ತೆ ಬರುವುದಕ್ಕೆ ಕಾರಣ ಇದೆ. ಅಲ್ಲಿನ ‘ಜರ್ಸಿ ರಾಯಲ್’ ಆಲೂಗೆಡ್ಡೆ ಹೆಸರುವಾಸಿ. ಸಮುದ್ರದ ಕಡೆ ಇಳಿಜಾರಾಗಿರುವ ಹೊಲಗಳಲ್ಲಿ ಯಂತ್ರ ಇಳಿಯುವುದಿಲ್ಲ, ಕೈಯಲ್ಲೇ ಹೆಕ್ಕಬೇಕು. ವಸಂತದಲ್ಲಿ ಕೆಲವೇ ವಾರದಲ್ಲಿ ಕೆಲಸ ಮುಗಿಯಬೇಕು. 19ನೇ ಶತಮಾನದಲ್ಲಿ ಇದಕ್ಕೆ ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಕೂಲಿಗಳು ಬರುತ್ತಿದ್ದರು. ಎರಡನೇ ಮಹಾಯುದ್ಧದ ನಂತರ ಮದೀರಾ ದ್ವೀಪದ ಪೋರ್ಚುಗೀಸರು ಬಂದರು, ಹೊಲಕ್ಕೂ ಹೋಟೆಲಿಗೂ. 2004ರ ಮೇಲೆ ಪೋಲೆಂಡಿನವರು, ಆಮೇಲೆ ರುಮೇನಿಯಾದವರು. ಹೀಗೆ ಬಂದವರಲ್ಲಿ ಮದೀರಾದವರು ಬೇರು ಬಿಟ್ಟರು. ಇವತ್ತು ಜರ್ಸಿಯ ಜನರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಮಾತ್ರ ಅಲ್ಲೇ ಹುಟ್ಟಿದವರು.

2016ರ ಜೂನ್ 23ರಂದು ಬ್ರೆಕ್ಸಿಟ್ ಮತದಾನ ನಡೆದಾಗ ದ್ವೀಪದವರಿಗೆ ಮತ ಇರಲಿಲ್ಲ. ಹಿಂದಿನ 15 ವರ್ಷದೊಳಗೆ ಬ್ರಿಟನ್ನಿನಲ್ಲಿ ವಾಸವಿದ್ದು ಮತದಾರರ ಪಟ್ಟಿಯಲ್ಲಿದ್ದವರು ಮಾತ್ರ ಹಾಕಬಹುದಿತ್ತು. ಸ್ಪೇನಿನ ತುದಿಯಲ್ಲಿರುವ ಬ್ರಿಟಿಷ್ ಪ್ರದೇಶ ಜಿಬ್ರಾಲ್ಟರ್‌ಗೆ ಮತ ಇತ್ತು, ಅಲ್ಲಿ 96% ಜನ ಒಕ್ಕೂಟದಲ್ಲೇ ಉಳಿಯೋಣ ಅಂದರು. ದ್ವೀಪಗಳನ್ನು ಯಾರೂ ಕೇಳಲಿಲ್ಲ. ಆದರೆ ಬ್ರಿಟನ್ ಹೊರಬಂದರೆ ಪ್ರೋಟೋಕಾಲ್ 3 ತಾನಾಗಿಯೇ ಬಿದ್ದುಹೋಗುತ್ತದೆ. ಹಾಗೇ ಆಯಿತು, 2020ರ ಡಿಸೆಂಬರ್ 31ಕ್ಕೆ. ಹೊಸ ವ್ಯಾಪಾರ ಒಪ್ಪಂದ ಕುದುರಿದ್ದು ಡಿಸೆಂಬರ್ 24ರಂದು. ಜರ್ಸಿ ಶಾಸನಸಭೆ ಡಿಸೆಂಬರ್ 27ರ ಭಾನುವಾರ ತುರ್ತಾಗಿ ಸೇರಿ ಒಪ್ಪಿಗೆ ಕೊಟ್ಟಿತು. ಆ ಒಪ್ಪಂದದಲ್ಲಿ ದ್ವೀಪಗಳಿಗೆ ಸಿಕ್ಕಿದ್ದು ಸರಕು ಮತ್ತು ಮೀನು. ಜನರ ಓಡಾಟದ ಮಾತೇ ಇಲ್ಲ. ಮೀನಿನ ಭಾಗವೂ ಸುಸೂತ್ರವಾಗಲಿಲ್ಲ. 2021ರ ಮೇ 6ರಂದು ಸುಮಾರು 60 ಫ್ರೆಂಚ್ ದೋಣಿಗಳು ಜರ್ಸಿಯ ರಾಜಧಾನಿ ಸೇಂಟ್ ಹೆಲಿಯರ್‌ನ ಬಂದರಿನ ಮುಂದೆ ಜಮಾಯಿಸಿದವು, ಲಂಡನ್ ಎರಡು ಗಸ್ತು ಹಡಗು ಕಳಿಸಿತು. ಜರ್ಸಿಗೆ ಬರುವ ಕರೆಂಟು ಹೆಚ್ಚುಕಮ್ಮಿ ಪೂರ್ತಿ ಫ್ರಾನ್ಸಿನದ್ದು. ಅದನ್ನು ಕಡಿಯುತ್ತೇವೆ ಅಂತ ಫ್ರಾನ್ಸಿನ ಸಚಿವರೊಬ್ಬರು ಬೆದರಿಸಿದ್ದೂ ಆಯಿತು.

ಬ್ರೆಕ್ಸಿಟ್ ಆದ ಮೇಲೆ ಪಾಸ್‌ಪೋರ್ಟಿನ ಷರಾಕ್ಕೆ ಅರ್ಥವೇ ಉಳಿಯಲಿಲ್ಲ. ದ್ವೀಪದವರಿಗೆ ಹಕ್ಕು ಸಿಕ್ಕಿತು ಅಂತಲ್ಲ, ಎಲ್ಲ ಬ್ರಿಟಿಷರೂ ಅವರ ಸಾಲಿಗೇ ಬಂದು ನಿಂತರು ಅಂತ. ಯುರೋಪಿನ ಒಂದೇ ವೀಸಾ ವಲಯವಾದ ಷೆಂಗೆನ್ ದೇಶಗಳಲ್ಲಿ ಯಾವುದೇ 180 ದಿನದಲ್ಲಿ 90 ದಿನ ಇರಬಹುದು, ಕೆಲಸ ಮಾಡುವ ಹಾಗಿಲ್ಲ. ಇಂಗ್ಲಿಷ್ ಅಜ್ಜಿಯಿಂದ ಈಗ ಏನೂ ಉಪಯೋಗ ಇಲ್ಲ. ಈಗ ಬೇಕಾದ್ದು ಐರಿಶ್ ಅಜ್ಜಿ. ಐರ್ಲೆಂಡಿನಲ್ಲಿ ಹುಟ್ಟಿದ ಒಬ್ಬ ಅಜ್ಜನೋ ಅಜ್ಜಿಯೋ ಇದ್ದರೆ ಐರಿಶ್ ಪೌರತ್ವ ಪಡೆಯಬಹುದು, ಅದರ ಜೊತೆ ಇಡೀ ಒಕ್ಕೂಟ ಬರುತ್ತದೆ. ಅಜ್ಜಿ ಇಲ್ಲದವರಿಗೂ ಐರ್ಲೆಂಡ್ ಮಾತ್ರ ತೆರೆದೇ ಇದೆ. ಬ್ರಿಟನ್, ಐರ್ಲೆಂಡ್ ಮತ್ತು ಈ ದ್ವೀಪಗಳ ನಡುವೆ ‘ಕಾಮನ್ ಟ್ರಾವೆಲ್ ಏರಿಯಾ’ ಅನ್ನುವ ಹಳೇ ಏರ್ಪಾಡು ಇದೆ. ಅದರ ಪ್ರಕಾರ ಜರ್ಸಿಯವನು ಡಬ್ಲಿನ್‌ಗೆ ಹೋಗಿ ಪರ್ಮಿಟ್ ಇಲ್ಲದೆ ದುಡಿಯಬಹುದು. ಯುರೋಪಿನ ಒಳಗೆ ಅವನಿಗೆ ಹಕ್ಕಿನಿಂದ ಕೆಲಸ ಸಿಗುವುದು ಅಲ್ಲೊಂದೇ ಕಡೆ, ಎದುರಿಗಿರುವ ಫ್ರಾನ್ಸಿನಲ್ಲಲ್ಲ.

ಇಲ್ಲೇ ನನಗೆ ಅತಿ ಹೆಚ್ಚು ಕುತೂಹಲದ್ದು ಅನ್ನಿಸುವ ಮಾತು ಬರುವುದು. ಮದೀರಾದಿಂದ ಬಂದು ಹೋಟೆಲಿನಲ್ಲಿ ಹಾಸಿಗೆ ಮಡಚಿದ ತಾಯಿಯ ಮಗಳು ಸೇಂಟ್ ಹೆಲಿಯರ್‌ನಲ್ಲಿ ಹುಟ್ಟಿದಳು ಅಂದುಕೊಳ್ಳಿ. ತಂದೆ ತಾಯಿ ಅಲ್ಲಿ ಖಾಯಂ ಆಗಿ ನೆಲೆಸಿದ್ದರೆ ಅವಳು ಬ್ರಿಟಿಷ್ ಪ್ರಜೆ, ಪೋರ್ಚುಗೀಸ್ ಪೌರತ್ವವೂ ಅವಳಿಗೆ ಸಿಗುತ್ತದೆ. ಲಂಡನ್ನೂ ಅವಳದ್ದು, ಪ್ಯಾರಿಸ್ಸೂ ಅವಳದ್ದು, ಜರ್ಸಿಯಂತೂ ಅವಳದ್ದೇ. ಪಕ್ಕದ ಬೆಂಚಿನ ಹುಡುಗ ನಾನೂರು ವರ್ಷದಿಂದ ಜರ್ಸಿಯಲ್ಲೇ ಇರುವ ಮನೆತನದವನು. ಅವನಿಗೆ ಪ್ಯಾರಿಸ್ ಇಲ್ಲ. ಬೇರು ಹಳೆಯದಾದಷ್ಟೂ ಓಡಾಟದ ಜಾಗ ಕಿರಿದಾಗುತ್ತದೆ. ಹತ್ತು ವರ್ಷದ ನಿಯಮ ಮಾಡಿ ಹೊರಗಿನವರನ್ನು ಕಾಯಿಸಿದ್ದು ಯಾರ ಹೆಸರಿನಲ್ಲಿ? ಈ ಹುಡುಗನಂಥವರ ಹೆಸರಿನಲ್ಲಿ. ಅವನಿಗಾದರೂ ಊರಲ್ಲಿ ಮನೆ ಕೊಳ್ಳಲು ಆಗುತ್ತಾ ಅಂದರೆ, ಬೆಲೆ ನೋಡಿದರೆ ಅದೂ ಕಷ್ಟ. ಹೊರಗಿನ ದುಡ್ಡು ಬರುವುದನ್ನು ಕಾನೂನು ತಡೆದಿರಲಿಲ್ಲವಲ್ಲ, ಹೊರಗಿನ ಕೂಲಿಯವರನ್ನಷ್ಟೇ ತಡೆದದ್ದು.

2021ರಿಂದ ಇನ್ನೊಂದು ಬದಲಾವಣೆಯೂ ಆಯಿತು. ಅಷ್ಟರೊಳಗೆ ದ್ವೀಪದಲ್ಲಿದ್ದ ಯುರೋಪಿನವರಿಗೆ ನೆಲೆಸುವ ಹಕ್ಕು ಉಳಿಯಿತು. ಹೊಸದಾಗಿ ಬರುವವರಿಗೆ ವೀಸಾ, ವರ್ಕ್ ಪರ್ಮಿಟ್ ಎರಡೂ ಬೇಕು. ದ್ವೀಪಗಳು ಐವತ್ತು ವರ್ಷದ ಹಿಂದೆ ಆಸೆಪಟ್ಟ ಪೂರ್ತಿ ಹತೋಟಿ ಕೊನೆಗೂ ಕೈಗೆ ಬಂತು. ಬಂದ ಕೂಡಲೇ ಗೊತ್ತಾಗಿದ್ದು, ಆಲೂಗೆಡ್ಡೆ ಹೆಕ್ಕಲು ಜನ ಇಲ್ಲ ಅಂತ. ಹೊಲದ ಕೆಲಸಕ್ಕೆ ಒಂಬತ್ತು ತಿಂಗಳ ಪರ್ಮಿಟ್ ಶುರು ಮಾಡಿದರು. ಈಗ ಕೆನ್ಯಾ, ಫಿಲಿಪ್ಪೀನ್ಸ್‌ನಷ್ಟು ದೂರದಿಂದ ಜನ ಬರುತ್ತಾರೆ. ಸಂಸಾರ ಕರೆತರುವಂತಿಲ್ಲ, ಅವಧಿ ಮುಗಿದರೆ ಗಂಟುಮೂಟೆ ಕಟ್ಟಬೇಕು. ಒಂಬತ್ತು ತಿಂಗಳಿಗೆ ಹೊರಡುವವನು ಹತ್ತು ವರ್ಷದ ಲೆಕ್ಕಕ್ಕೆ ಯಾವತ್ತೂ ಬರುವುದಿಲ್ಲ. ಮದೀರಾದವರು ಬೇರು ಬಿಟ್ಟ ಹಾಗೆ ಇವರು ಬಿಡಲು ಸಾಧ್ಯವೇ ಇಲ್ಲ. ಬೇಕಾದ್ದು ಕೈ ಮಾತ್ರ, ಮನುಷ್ಯ ಬೇಡ ಅನ್ನುವ ಏರ್ಪಾಡು ಇದು. ನನಗೆ ಇದು ಸರಿ ಕಾಣುವುದಿಲ್ಲ.

ಬ್ರಿಟನ್ನಿನಲ್ಲಿ ಸ್ಕಿಲ್ಡ್ ವರ್ಕರ್ ವೀಸಾದ ಮೇಲೆ ಇರುವ ನಮ್ಮ ಕನ್ನಡದವರಿಗೆ ಇಲ್ಲಿ ಒಂದು ಕಿವಿಮಾತು. ಲಂಡನ್ನಿನಿಂದ ವಿಮಾನ ಹತ್ತಿ ಜರ್ಸಿಯಲ್ಲಿ ಇಳಿದರೆ ಸಾಮಾನ್ಯವಾಗಿ ಇಮಿಗ್ರೇಷನ್ ತಪಾಸಣೆ ಇರುವುದಿಲ್ಲ. ಹಾಗಂತ ಆ ವೀಸಾದಲ್ಲೇ ಅಲ್ಲಿನ ಬ್ಯಾಂಕಿನಲ್ಲೋ ಫಂಡ್ ಕಂಪನಿಯಲ್ಲೋ ಕೆಲಸ ಹಿಡಿಯಬಹುದು ಅಂದುಕೊಳ್ಳಬೇಡಿ. ಜರ್ಸಿಯದ್ದೇ ವರ್ಕ್ ಪರ್ಮಿಟ್ ಬೇಕು, ಅದರ ಮೇಲೆ ಮನೆ ಮತ್ತು ಕೆಲಸದ ಕಾನೂನಿನ ಅನುಮತಿ ಬೇರೆ. ಎರಡೂ ಬೇರೆ ಬೇರೆ, ಒಂದು ಸಿಕ್ಕರೆ ಇನ್ನೊಂದು ಸಿಕ್ಕಿತು ಅಂತಲ್ಲ.

ಫ್ರಾನ್ಸಿನ ಜೊತೆಗಿನ ನಂಟು ಪೂರ್ತಿ ಕಡಿದುಹೋಗಿಲ್ಲ. ಬ್ರೆಕ್ಸಿಟ್ ನಂತರ ಪಾಸ್‌ಪೋರ್ಟ್ ಕಡ್ಡಾಯವಾದಾಗ, ಬರೀ ಗುರುತಿನ ಚೀಟಿ ಹಿಡಿದು ಫೆರಿ ಹತ್ತಿ ಬರುತ್ತಿದ್ದ ಫ್ರೆಂಚ್ ಪ್ರವಾಸಿಗರು ಕಡಿಮೆಯಾದರು. 2023ರಲ್ಲಿ ಜರ್ಸಿ ಇದಕ್ಕೆ ತನ್ನದೇ ದಾರಿ ಹುಡುಕಿತು: ಬೆಳಗ್ಗೆ ಬಂದು ಸಂಜೆ ಹೋಗುವ ಫ್ರೆಂಚರಿಗೆ ಗುರುತಿನ ಚೀಟಿಯೇ ಸಾಕು. ಲಂಡನ್ ಇಡೀ ಬ್ರಿಟನ್ನಿಗೆ ಮಾಡದಿದ್ದನ್ನು ದ್ವೀಪ ತಾನೇ ಮಾಡಿಕೊಂಡಿತು. ಮನಸ್ಸಿದ್ದರೆ ಮಾರ್ಗ ಇದೆ ಅಂತ ಇದರಿಂದ ಗೊತ್ತಾಗುತ್ತದೆ. ಆದರೆ ಇದು ಬರುವವರಿಗೆ ಕೊಟ್ಟ ಸವಲತ್ತು, ಒಂದು ದಿನದ್ದು, ಅಂಗಡಿ ಹೋಟೆಲುಗಳಿಗೆ ವ್ಯಾಪಾರ ಆಗಲಿ ಅಂತ ಕೊಟ್ಟಿದ್ದು. ಹೋಗುವವರ ಕೆಲಸದ ಹಕ್ಕು ಬೇರೆಯೇ ವಿಷಯ. ಅದನ್ನು ಕೊಡಬೇಕಾದವರು ಆಚೆ ದಡದವರು.

2025ರ ಮೇ 19ರಂದು ಲಂಡನ್ನಿನಲ್ಲಿ ಬ್ರಿಟನ್ ಮತ್ತು ಯುರೋಪಿಯನ್ ಒಕ್ಕೂಟದ ನಾಯಕರು ಸೇರಿ, ಎಳೆಯರು ಕೆಲಕಾಲ ಆಚೆ ಈಚೆ ಹೋಗಿ ದುಡಿಯುವ, ಓದುವ ‘ಯೂತ್ ಎಕ್ಸ್‌ಪೀರಿಯನ್ಸ್’ ಯೋಜನೆಯ ಬಗ್ಗೆ ಮಾತುಕತೆ ನಡೆಸಲು ಒಪ್ಪಿದರು. ಬ್ರಿಟನ್ ಮಾಡಿಕೊಂಡ ಒಪ್ಪಂದ ದ್ವೀಪಗಳಿಗೆ ತನ್ನಷ್ಟಕ್ಕೇ ಅಂಟುವುದಿಲ್ಲ. ಅವು ಬೇಕು ಅಂತ ಕೇಳಬೇಕು, ಅವುಗಳ ಹೆಸರು ಒಪ್ಪಂದದಲ್ಲಿ ಸೇರಬೇಕು. ದ್ವೀಪದ ಎಳೆಯರಿಗೆ ಇದಕ್ಕಿಂತ ಒಳ್ಳೆ ಅವಕಾಶ ಈ ಐವತ್ತು ವರ್ಷದಲ್ಲಿ ಬಂದಿಲ್ಲ ಅನ್ನುವುದು ನನ್ನ ಲೆಕ್ಕ. ಆದರೆ ಇಂಥ ಯೋಜನೆ ಎರಡೂ ಕಡೆ ನಡೆಯಬೇಕು. ಜರ್ಸಿಯ ಹುಡುಗ ಫ್ರಾನ್ಸಿನ ರೆನ್ ನಗರಕ್ಕೆ ಹೋದರೆ, ರೆನ್‌ನಿಂದ ಒಬ್ಬ ಹುಡುಗಿ ಜರ್ಸಿಗೆ ಬರುತ್ತಾಳೆ. ಅವಳು ಯಾವ ದರ್ಜೆಗೆ ಸೇರುತ್ತಾಳೆ? ಅವಳನ್ನು ಕೆಲಸಕ್ಕಿಟ್ಟುಕೊಳ್ಳುವ ಕೆಫೆಯವನು ಮತ್ತೆ ಅನುಮತಿಗೆ ಅರ್ಜಿ ಹಾಕಬೇಕಾ? ಎರಡು ವರ್ಷಕ್ಕೆ ಅಂತ ಬಂದವಳಿಗೆ ಬಾಡಿಗೆಗೆ ಲಾಡ್ಜಿಂಗ್ ಮನೆಯ ರೂಮು ಬಿಟ್ಟು ಬೇರೆ ಏನಾದರೂ ಸಿಗುತ್ತಾ? ಇವಕ್ಕೆ ಉತ್ತರ ಕೊಡಬೇಕಾದ್ದು ಬ್ರಸೆಲ್ಸಿನ ಯುರೋಪಿಯನ್ ಒಕ್ಕೂಟವೂ ಅಲ್ಲ, ಲಂಡನ್ನೂ ಅಲ್ಲ. ಸೇಂಟ್ ಹೆಲಿಯರ್‌ನಲ್ಲಿ ಕೂರುವ ಜರ್ಸಿಯ ಶಾಸನಸಭೆ.